ಡ್ರೈವರಣ್ಣ ಮತ್ತು ಹಟಮಾರಿ ಮೇಸ್ತ್ರಿ

ಬಸ್ಸು ಓಡಿಸುವುದು ಬಿಟ್ಟು ವರ್ಷಗಳೇ ಕಳೆದರೂ ಎಲ್ಲರೂ ಅವನನ್ನು ಕರೆಯುವುದು ಡ್ರೈವರಣ್ಣ ಎಂದೇ. ಕೆಟ್ಟು ನಿಂತ ಬಸ್ಸಿನ ಚಕ್ರ ಬದಲಿಸುತ್ತಿದ್ದಾಗ ಹಿಂದಿನಿಂದ ಬಂದ ಲಾರಿ ಅವನ ಬಲಗಾಲನ್ನು ಮಂಡಿಯ ಕೆಳಗೆ ಜಜ್ಜಿಹಾಕಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವನು ಹಾಸಿಗೆ ಬಿಟ್ಟು ಏಳಲೇ ಇಲ್ಲ. ನೋಡಲು ಬಂದವರು "ಪಾಪ" ಎಂದಷ್ಟೂ ಮೈ ಉರಿಯುತ್ತಿತ್ತು. ಹೆಂಡತಿ ನೋಡುವಷ್ಟು ನೋಡಿದಳು. ಒಂದು ಬೆಳಿಗ್ಗೆ ಆಟೋ ಕರೆಸಿ, ಅವನ ಬೈಗುಳಕ್ಕೆ ಕಿವಿಗೊಡದೆ, ಚರ್ಚಿನ ಸಿಸ್ಟರ್‌ಗಳು ನಡೆಸುವ, ಕೃತಕ ಕಾಲು ಮಾಡಿಕೊಡುವ ಶೆಡ್ಡಿಗೆ ಕರೆದೊಯ್ದಳು.

ಚರ್ಚಿನ ಹಿಂದೆ ತಗಡಿನ ಮಾಡಿನ ಉದ್ದನೆಯ ಶೆಡ್ಡು. ಒಂದು ಕಡೆ ಪ್ಲಾಸ್ಟರ್ ಅಚ್ಚುಗಳು, ಇನ್ನೊಂದು ಕಡೆ ಅರ್ಧ ಮುಗಿದ ಕಾಲುಗಳು, ನಡುವೆ ಹಿಡಿದು ನಡೆಯಲು ಎರಡು ಕಂಬಿ. ಯಜಮಾನಿಕೆ ದೊಡ್ಡ ಸಿಸ್ಟರದು. ಆಳು ಗಿಡ್ಡ, ದನಿ ಮಾತ್ರ ಬೀದಿಯ ತುದಿಗೂ ಕೇಳುತ್ತಿತ್ತು.

"ಮೊದಲೇ ಹೇಳಿಬಿಡಿ ಸಿಸ್ಟರ್, ಕಾಲು ಹಾಕಿಸಿಕೊಂಡ್ರೆ ನಿಮ್ಮ ದೇವರಿಗೆ ಕೈ ಮುಗೀಬೇಕಾ?" ಎಂದು ಡ್ರೈವರಣ್ಣ ಕೇಳಿಯೇಬಿಟ್ಟ.

"ಮೊದಲು ಕಾಲೂರೋದು ಕಲಿಯಪ್ಪಾ. ಕೈ ವಿಚಾರ ನಿನಗೂ ದೇವರಿಗೂ ಸೇರಿದ್ದು, ಮಧ್ಯೆ ನಾನ್ಯಾಕೆ?"

ಆ ಮಾತಿಗೆ ಅವನಿಗೆ ನಗು ಬಂತು. ಅಪಘಾತ ಆದಮೇಲೆ ನಕ್ಕಿದ್ದು ಅದೇ ಮೊದಲು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಹೊಸ ಕಾಲು ಉಜ್ಜಿ ಗಾಯವಾಯಿತು, ಮಾಯಿತು, ಮತ್ತೆ ಆಯಿತು. ಕೊನೆಗೆ ಯಾರ ಹೆಗಲೂ ಹಿಡಿಯದೆ ಬೀದಿಯ ಮೂಲೆಯ ಚಹಾ ಅಂಗಡಿಯವರೆಗೆ ನಡೆದ. ಮಾರನೆಯ ವಾರ ಶೆಡ್ಡಿಗೆ ತಾನಾಗಿಯೇ ಹೋಗಿ, "ಏನಾದ್ರೂ ಕೆಲಸ ಇದ್ರೆ ಕೊಡಿ" ಎಂದ. ಸಿಸ್ಟರ್ ಅರ ಕೊಟ್ಟು, ಒರಟು ಅಂಚುಗಳನ್ನು ಉಜ್ಜಲು ಕೂರಿಸಿದರು. ಹಾಗೆ ಕೂತವನು ಅಲ್ಲಿಯವನೇ ಆಗಿಹೋದ. ಕಾಲು ಕಳೆದುಕೊಂಡು ಮನೆ ಬಿಟ್ಟು ಹೊರಡದವರನ್ನು ಮಾತಾಡಿಸಿ ಬರುವ ಕೆಲಸವೂ ಅವನ ಪಾಲಿಗೇ ಬಂತು.

ಅಂಥವರಲ್ಲೊಬ್ಬ ಗಾರೆ ಮೇಸ್ತ್ರಿ. ಕಟ್ಟಡದ ಮೇಲಿಂದ ಬಿದ್ದು ಎಡಗಾಲು ಮಂಡಿಯ ಮೇಲಿಂದ ಹೋಗಿತ್ತು. ಅವನ ಮನೆಗೆ ಹೋದ ಡ್ರೈವರಣ್ಣ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಲೋಟ ಬೀಸಿ ಒಗೆದ. "ಭಿಕ್ಷೆ ಕಾಲು ನನಗೆ ಬೇಡ. ನಡಿ ಆಚೆಗೆ!"

ಮನೆಗೆ ಬಂದು, ಇನ್ನು ಆ ಕಡೆ ತಲೆ ಹಾಕಿಯೂ ಮಲಗಲ್ಲ ಎಂದು ಡ್ರೈವರಣ್ಣ ಕೂಗಾಡಿದ.

ಹೆಂಡತಿ ಬಟ್ಟೆ ಮಡಚುತ್ತಲೇ ಹೇಳಿದಳು: "ಅವರು ಎಸೆದದ್ದು ಖಾಲಿ ಲೋಟ. ನೀವು ಊಟ ತುಂಬಿದ ತಟ್ಟೇನೇ ಎಸೆದಿದ್ರಿ. ನಾನೇನು ಮನೆ ಬಿಟ್ಟು ಹೋದ್ನಾ?"

ಡ್ರೈವರಣ್ಣ ಮೇಸ್ತ್ರಿಯ ಮನೆಗೆ ಮತ್ತೆ ಹೋದ. ಕಾಲಿನ ಸುದ್ದಿ ಎತ್ತದೆ ಇಟ್ಟಿಗೆ, ಮರಳು ಎಂದು ಏನೇನೋ ಮಾತಾಡಿ ಬಂದ. ಇನ್ನೊಂದು ದಿನ ಹೋದವನು ಹೊರಡಲು ಎದ್ದಾಗ ಮೇಸ್ತ್ರಿ ತಡೆದ.

"ನಿಲ್ಲು. ಆ ಕಾಲು ಓರೆ ಕೂತಿದೆ."

"ಇಲ್ಲಣ್ಣ, ಅಳತೆ ನೋಡಿಯೇ ಮಾಡಿದ್ದು."

"ಗೋಡೆ ಎಬ್ಬಿಸಿದ ಕಣ್ಣು ಕಣಯ್ಯಾ ಇದು. ಲೇ, ಆ ತೂಗುಗುಂಡು ತಗೊಂಡು ಬಾರೇ!"

ತನ್ನ ಹೆಂಡತಿ ತಂದುಕೊಟ್ಟ ಗುಂಡಿನ ದಾರವನ್ನು ಮೇಸ್ತ್ರಿ ಕೂತಲ್ಲಿಂದಲೇ ಡ್ರೈವರಣ್ಣನ ಮಂಡಿಗೆ ಹಿಡಿದ. ಗುಂಡು ಪಾದದ ನಡುವಿಗೆ ಬರದೆ ಒಳಬದಿಗೆ ಸರಿದು ನಿಂತಿತು.

"ಸೊಂಟ ನೋಯಲ್ವಾ?"

ನೋಯುತ್ತಿತ್ತು. ಕಾಲು ಸವೆದಿರಬಹುದೆಂದು ಡ್ರೈವರಣ್ಣನಿಗೆ ಹೊಳೆದಿರಲಿಲ್ಲ, ವಯಸ್ಸಾಯಿತೆಂದು ಸುಮ್ಮನಿದ್ದ. "ನೀವೇ ಬಂದು ಸಿಸ್ಟರ್‌ಗೆ ಹೇಳಿ ಅಣ್ಣಾ," ಎಂದ. ಅರ್ಧ ನಿಜಕ್ಕೂ ಕೇಳಿದ್ದು, ಅರ್ಧ ಉಪಾಯ. ಮೇಸ್ತ್ರಿಗೂ ಅದು ಗೊತ್ತಾಗದೆ ಇರಲಿಲ್ಲ. ಆದರೂ ಬಂದ.

ಕಾಲಿನ ಓರೆ ಸರಿಯಾಗುವವರೆಗೂ ಸಿಸ್ಟರ್ ಜೊತೆ ವಾದ ಮಾಡಿದ. ಆಮೇಲೆ ಶೆಡ್ಡಿನೊಳಗೆ ಕಣ್ಣಾಡಿಸಿದ. ಕಂಬಿಗಳ ನಡುವೆ ತನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಹೆಜ್ಜೆ ಹಾಕುತ್ತಿದ್ದಳು. ಅವಳನ್ನೇ ನೋಡುತ್ತಾ ಮೆಲ್ಲಗೆ ಕೇಳಿದ: "ನನ್ನದು ಮಂಡೀನೂ ಇಲ್ಲ. ಆಗುತ್ತಾ?"

"ಕಷ್ಟ ಇದೆ. ಆದರೆ ಆಗುತ್ತೆ," ಎಂದರು ಸಿಸ್ಟರ್.

ಕಷ್ಟವೇ ಆಯಿತು. ಮೇಸ್ತ್ರಿ ಬಿದ್ದ, ಎದ್ದ, ಚರ್ಚಿನ ಹಿತ್ತಲಲ್ಲಿ ಆಡಬಾರದ ಮಾತೆಲ್ಲ ಆಡಿದ. ಸಿಸ್ಟರ್ ಕಿವುಡಿಯಂತೆ ಇದ್ದರು. ಡ್ರೈವರಣ್ಣ ಹಿಂದಿನಿಂದ ಅವನ ಬೆಲ್ಟು ಹಿಡಿದು ಜೊತೆಗೇ ನಡೆದ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಒಂದು ಕೋಲಿನ ಆಸರೆಯಲ್ಲಿ ನಡೆಯುತ್ತಿದ್ದ. ಎತ್ತರಕ್ಕೆ ಹತ್ತುವ ಕೆಲಸ ಮತ್ತೆ ಕೈಗೆ ಬರಲಿಲ್ಲ, ಆ ನೋವು ಇದ್ದೇ ಇತ್ತು. ನೆಲದ ಮೇಲಿನ ಕೆಲಸ ಹಿಡಿದ.

ಹಾಗೆ ಹಿಡಿದ ಮೊದಲ ಕೆಲಸ ಶೆಡ್ಡಿನ ಬಾಗಿಲಿನದೇ. "ಕಾಲಿಲ್ಲದವರು ಬರೋ ಜಾಗಕ್ಕೆ ಮೆಟ್ಟಿಲು ಕಟ್ಟಿದ ಪುಣ್ಯಾತ್ಮ ಯಾವನು?" ಎಂದು ಬೈಯುತ್ತಲೇ ಮೆಟ್ಟಿಲು ಒಡೆಸಿದ. ಹಳೆಯ ಜೊತೆಗಾರರನ್ನು ಕರೆದು, ಗಾಲಿ ಕುರ್ಚಿ ಸಲೀಸಾಗಿ ಹತ್ತುವಂಥ ಇಳಿಜಾರು ಕಟ್ಟಿದ. ಕೂಲಿಯ ಮಾತು ಎತ್ತಿದ ಸಿಸ್ಟರ್‌ಗೆ ಕೈ ಅಡ್ಡ ಹಿಡಿದು, ಸಿಮೆಂಟು ಒಣಗುವವರೆಗೆ ಯಾರೂ ಕಾಲಿಡಬಾರದು ಎಂದಷ್ಟೇ ತಾಕೀತು ಮಾಡಿದ.

ಈಗ ಮನೆಮನೆಗೆ ಇಬ್ಬರೂ ಹೋಗುತ್ತಾರೆ. ಮಾತೆಲ್ಲ ಮೇಸ್ತ್ರಿಯದು, ಡ್ರೈವರಣ್ಣ ಪಕ್ಕದಲ್ಲಿ ತಲೆಯಾಡಿಸಬೇಕು. ಒಪ್ಪುವವರು ಒಪ್ಪುತ್ತಾರೆ. ಸಂತೆಬೀದಿಯಲ್ಲಿ ಇಸ್ತ್ರಿ ಮಾಡುವವನೊಬ್ಬ ಇನ್ನೂ ಬಾಗಿಲು ತೆರೆದಿಲ್ಲ. ಕಿಟಕಿಯಿಂದಲೇ ಬೈದು ಕಳಿಸುತ್ತಾನೆ. ಮೊನ್ನೆ ಮಾತ್ರ ಬೈದು ಮುಗಿಸಿ, ಕಾಲು ಎಷ್ಟು ಭಾರ ಇರುತ್ತೆ ಎಂದು ಕೇಳಿದನಂತೆ.