ಹುರುಳಿ ಮೇಲೆ ಹೋದ ಜೀಪು

ರಸ್ತೆ ಮೇಲೆ ಒಕ್ಕಣೆ ಮಾಡಬಾರದು ಅಂತ ನೋಟಿಸು ಹಂಚೋದು ಆಗ ನನ್ನ ಕೆಲಸ. ಕಿಕ್ಕೇರಿ ಹತ್ತಿರ ಒಬ್ಬ ಅಜ್ಜಿ ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು, ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಅಂತ. ನಮ್ಮ ಜೀಪೂ ಅದರ ಮೇಲೇ ಹೋಗಿ ನಿಂತಿತು.

ನೋಟಿಸು ಕೈಗಿಟ್ಟು, "ಅಜ್ಜಿ, ಇದು ಕಾನೂನಿಗೆ ವಿರುದ್ಧ. ಈಗಲೇ ತೆಗೀಬೇಕು" ಅಂತ ಗದರಿದೆ.

"ತೆಗೀತೀನಿ ಕಣಪ್ಪ. ಅದ್ಯಾಕೆ ಮಧ್ಯದಲ್ಲೇ ನಿಲ್ಲಿಸ್ಬುಟ್ಟೆ? ಆ ಕಡೇದು ಇನ್ನೂ ಉದುರಿಲ್ಲ. ವಸಿ ಮುಂದಕ್ಕೋಗಿ ತಿರುಗಿಸ್ಕೊಂಡು ಬಾ."

ವಾಪಸ್ ಹೋಗೋಕೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಡ್ರೈವರ್ ನಗುತ್ತಲೇ ಜೀಪು ತಿರುಗಿಸಿದ. ಹುರುಳಿ ಚಟಪಟ ಸಿಡಿಯಿತು.

ಅಜ್ಜಿ ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆ ರಾಗಿ ಆಕ್ತೀನಿ. ಅದುಕ್ಕೂ ಒಂದು ತಂದ್ಕೊಡಪ್ಪ."

ನಮ್ಮಲ್ಲಿ ಎರಡನೇ ನೋಟಿಸನ್ನೂ ಖುದ್ದಾಗಿಯೇ ಕೊಡಬೇಕು, ಜೀಪಿನಲ್ಲಿ ಹೋಗಿ.