ಜ್ವಾಲಾಮುಖಿಯ ಮೇಲೆ ನನ್ನ ಹೆಸರು

ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋದರೆ ನೀರು ತುಂಬಿದ ಬಕೀಟಿನಲ್ಲಿ ಒಂದು ಕಲ್ಲು ತೇಲುತ್ತಿತ್ತು. ನೀವು ಗಾಬರಿಯಾಗಬೇಡಿ, ನಮ್ಮ ಮನೆಯಲ್ಲಿ ಕಲ್ಲು ತೇಲುತ್ತದೆ. ಕರ್ರಗಿನ ಬಣ್ಣ, ಮೈತುಂಬ ತೂತು, ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಹೆಂಡತಿ ಅನ್ನಪೂರ್ಣಾ ಅದರಿಂದ ಹಿಮ್ಮಡಿ ತಿಕ್ಕಿಕೊಳ್ಳುತ್ತಾಳೆ. ಮೊದಲು ಮುಷ್ಟಿಯಷ್ಟಿದ್ದದ್ದು ಸವೆದು ಸವೆದು ಈಗ ಅಡಕೆಯಷ್ಟಾಗಿದೆ. ಇನ್ನೊಂದು ವರ್ಷಕ್ಕೆ ಮೋರಿ ಸೇರಬಹುದು. ಅದು ಹೋದರೆ ನಮ್ಮ ಹನಿಮೂನಿನ ಗುರುತು ಹೋದ ಹಾಗೆ. ಜೊತೆಗೆ ನಾನು ಅಲ್ಲಿ ಹೇಳಿದ ಒಂದು ಸುಳ್ಳಿನ ಗುರುತೂ.

ಹನಿಮೂನು ಎಂದ ಕೂಡಲೇ ನೀವು ಏನೇನೋ ಕಲ್ಪಿಸಿಕೊಳ್ಳುತ್ತೀರಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಬೈಲಹೊಂಗಲದಲ್ಲಿ ನಮ್ಮದು ಬೀಜ ಗೊಬ್ಬರದ ಅಂಗಡಿ. ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ವಿದೇಶ ಸುತ್ತಿಸಿಕೊಂಡು ಬರುವುದು ನಮ್ಮ ಧಂದೆಯ ಪದ್ಧತಿ. ಆ ವರ್ಷ ಅಪ್ಪನಿಗೆ ಬಾಲಿ ದ್ವೀಪದ ಪ್ರವಾಸ ಬಂತು, ಅದೂ ಜೋಡಿಯಾಗಿ. ಅಪ್ಪನಿಗೆ ವಿಮಾನವೆಂದರೆ ಕೈಕಾಲು ನಡುಗುತ್ತವೆ. ತನ್ನ ಬದಲಿಗೆ ಹೊಸದಾಗಿ ಮದುವೆಯಾದ ಮಗನನ್ನೂ ಸೊಸೆಯನ್ನೂ ಕಳಿಸಿ ಕೈತೊಳೆದುಕೊಂಡ. ಹೀಗೆ ನಾವು ಹನಿಮೂನಿಗೆ ಹೋದದ್ದು ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಒಂಬತ್ತು ಜೋಡಿ ಗೊಬ್ಬರದ ಅಂಗಡಿಯವರ ಸಂಗಡ. ನಮ್ಮನ್ನು ಬಿಟ್ಟರೆ ಎಲ್ಲರೂ ಮೊಮ್ಮಕ್ಕಳನ್ನು ಕಂಡವರು.

ಅವರಲ್ಲಿ ರಾಮದುರ್ಗದ ಮೌಲಾಸಾಬ ಕಾಕಾ ಒಬ್ಬರು. ಕಟಕೋಳದಲ್ಲಿರುವ ನಮ್ಮ ಮಾವ ಅವರ ಅಂಗಡಿಯ ಕಾಯಂ ಗಿರಾಕಿ. ಕಾಕಾ ಅನ್ನಪೂರ್ಣಾಳನ್ನು ಲಂಗ ಉಡುವ ಕಾಲದಿಂದ ಬಲ್ಲವರು. ಅವರೆದುರಿಗೆ ಅವಳು ಹುಟ್ಟಿದ ಮನೆಯ ಹಿರಿಯರೆದುರಿಗೆ ಕುಳಿತ ಹಾಗೆ ತಲೆ ತಗ್ಗಿಸಿ ಕೂಡುತ್ತಿದ್ದಳು. ನನ್ನ ಜೊತೆ ಮಾತಾಡುವುದಂತೂ ದೂರವೇ ಉಳಿಯಿತು.

ಇಲ್ಲಿ ನನ್ನ ಹೊಟ್ಟೆಯೊಳಗಿನ ಒಂದು ಕಿಚ್ಚಿನ ಸಂಗತಿ ಹೇಳಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೊಸ ಸೊಸೆ ಹೊಸ್ತಿಲು ದಾಟುವಾಗ ಮಾತ್ರ ನಾದಿನಿಯರು ಅಡ್ಡ ನಿಂತು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ. ಅದೊಂದೇ ಅವಕಾಶ. ಅವತ್ತು ಅನ್ನಪೂರ್ಣಾ ನನ್ನ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿ ಒಳಗೆ ಹೋಗಿಬಿಟ್ಟಳು. ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ನೋಡಿದರೆ ಅವಳ ಫೋನಿನಲ್ಲೂ ನನ್ನ ನಂಬರಿಗೆ ‘ಬೈಲಹೊಂಗಲ’ ಎಂದು ಹಾಕಿಕೊಂಡಿದ್ದಾಳೆ. ಫೋನು ಮಾಡಿದರೆ ಇಡೀ ಊರೇ ಮಾಡಿದಂತೆ. ನನ್ನ ಹೆಸರು ಅವಳ ಬಾಯಲ್ಲಿ ಒಮ್ಮೆ ಕೇಳಬೇಕು, ಕೇಳಿದರೆ ಇವಳಿಗೆ ನಾನು ಬೇಕಾಗಿದ್ದೇನೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ನನ್ನ ತಲೆಗೆ ಹೊಕ್ಕಿತ್ತು. ಆ ವಯಸ್ಸಿನಲ್ಲಿ ತಲೆಗೆ ಹೊಕ್ಕದ್ದು ಸುಲಭಕ್ಕೆ ಹೊರಬೀಳುವುದಿಲ್ಲ.

ಮೂರನೆಯ ದಿನ ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗಿ ಬರುವ ಪ್ರವಾಸವಿತ್ತು. ಮದುವೆಗೆಂದು ಬೆಳಗಾವಿಯಲ್ಲಿ ಕೊಂಡ ಬಿಳಿ ಬೂಟನ್ನು ಹಾಕಿಕೊಂಡೇ ಹೊರಟೆ. ಕಾಕಾ ನೋಡಿ, “ತಮ್ಮಾ, ಇದನ್ನ ಹಾಕ್ಕೊಂಡ ಗುಡ್ಡಾ ಹತ್ತಾಂವಾ ಇಲ್ಲಾ ಮತ್ತ ಮದವಿ ಹಂದರದಾಗ ಹೋಗಿ ಕುಂದ್ರಾಂವಾ?” ಎಂದರು. ಅನ್ನಪೂರ್ಣಾ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳೆಂದು ನನಗೆ ಅನುಮಾನ.

ದಾರಿಯುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು. ಬೇರೆಯವರಾದರೆ ಫೋಟೋ ತೆಗೆಯುತ್ತಿದ್ದರು. ನಮ್ಮವರು ಗಾಡಿ ನಿಲ್ಲಿಸಿ ಬದುವಿಗಿಳಿದು, ಗರಿ ಹಿಡಿದು ನೋಡಿ, ಇದಕ್ಕೆ ಯೂರಿಯಾ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಜಗಳ ತೆಗೆದರು. ಮಧ್ಯಾಹ್ನ ಜ್ವಾಲಾಮುಖಿ ಗುಡ್ಡದ ಬುಡ ಮುಟ್ಟಿದೆವು. ಯಾವ ಕಾಲದಲ್ಲೋ ಹರಿದು ಆರಿದ ಬೆಂಕಿ ಈಗ ಕಪ್ಪು ಬಂಡೆಯಾಗಿ ಕಣ್ಣು ಹರಿಯುವವರೆಗೂ ಬಿದ್ದಿತ್ತು. ಅದರ ಪಕ್ಕದಲ್ಲೇ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ ಹೊಲಗಳು. ಕಾಕಾ ಕೂತು ಒಂದು ಹಿಡಿ ಮಣ್ಣು ತೆಗೆದು ಹಿಸುಕಿ, ನಮ್ಮ ಎರಿ ಹೊಲದ ಕರಿ ಮಣ್ಣಿನ ತಮ್ಮ ಇದು ಎಂದು ತೀರ್ಮಾನ ಕೊಟ್ಟರು. ಅನ್ನಪೂರ್ಣಾ ಆ ಮಣ್ಣನ್ನು ಇಸಿದುಕೊಂಡು ಮೂಸಿದಳು. ಬಂದ ಮೇಲೆ ಮೊದಲ ಸಲ ಅವಳ ಮುಖ ಅರಳಿತು.

ಅವಳು ಹಗುರ ಕಲ್ಲುಗಳನ್ನು ಆರಿಸುತ್ತಿದ್ದಳು. ನಾನು ಫೋಟೋ ತೆಗೆಯಲು ಒಂದು ದೊಡ್ಡ ಬಂಡೆಯ ಮಗ್ಗುಲಿಗೆ ಹೋದೆ. ಅಷ್ಟರಲ್ಲಿ ಮೇಲಿನಿಂದ ಮೋಡ ಇಳಿಯಿತು. ಹೇಗೆಂದರೆ, ನನ್ನ ಕೈಯೇ ನನಗೆ ಮಸುಕಾಯಿತು. ಗಾಡಿಯವನು ಎಲ್ಲೋ ಹಾರ್ನು ಹೊಡೆಯತೊಡಗಿದ. ಅನ್ನಪೂರ್ಣಾಳ ದನಿ ಕೇಳಿತು: “ರೀ, ಎಲ್ಲಿ ಅದೀರಿ?” ನಾನು ಬಾಯಿ ತೆರೆಯುವ ಮೊದಲೇ ಮೋಡದೊಳಗಿಂದ ನಾಲ್ಕು ದಿಕ್ಕಿನಿಂದಲೂ ನಾಲ್ಕು ಮಂದಿ ಗಂಡಂದಿರು ಓ ಎಂದರು. ‘ರೀ’ ಎನ್ನುವುದು ಒಬ್ಬನ ಸ್ವತ್ತೇ?

ಆಮೇಲೆ ಅವಳ ಸಣ್ಣ ದನಿಯಲ್ಲಿ ನನ್ನ ಹೆಸರು ಕೇಳಿಸಿತು.

ನಾನು ಓ ಎನ್ನಬೇಕಿತ್ತು, ಹತ್ತು ಹೆಜ್ಜೆಯ ಮಾತು. ಆದರೆ ಎನ್ನಲಿಲ್ಲ. ಇನ್ನೊಮ್ಮೆ ಕೇಳುವ ಆಸೆ. ಎರಡನೆಯ ಸಲ ಕರೆದಾಗ ದನಿ ಒಡೆದಿತ್ತು. ಆಗಲೂ ಬಂಡೆಗೆ ಆನಿಕೊಂಡು ನಿಂತೆ. ಮೂರನೆಯ ಸಲ ಹೊಲದ ಆಚೆ ಬದುವಿನಲ್ಲಿ ಇದ್ದವರನ್ನು ಕೂಗುವ ಹಾಗೆ ದೊಡ್ಡದಾಗಿ, ಸ್ವಚ್ಛವಾಗಿ ಕರೆದಳು. ಆಗ ಹೊರಗೆ ಬಂದೆ. ಕರೆದದ್ದು ಕೇಳಿಸಲೇ ಇಲ್ಲ ಎಂದೆ. ಅವಳು ಆರಿಸಿದ್ದರಲ್ಲಿ ಒಂದು ಕಲ್ಲನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಗಾಡಿಯಲ್ಲಿ ನೋಡಿದರೆ ಅವಳು ಆ ಸೆರಗಿನ ಗಂಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು. ನನ್ನ ಖುಷಿಯೆಲ್ಲ ಅಲ್ಲಿಗೇ ಇಳಿಯಿತು. ಗುರುತಿಲ್ಲದ ದೇಶದಲ್ಲಿ, ಹದಿನೈದು ದಿನದ ಹೆಂಡತಿಯನ್ನು ಒಂದು ಕೂಗಿಗಾಗಿ ಅಂಜಿಸಿದೆನಲ್ಲ ಎಂದು ನಾಚಿಕೆಯಾಯಿತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ಊರಿಗೆ ಬಂದೆವು, ಮಕ್ಕಳಾದವು, ಮೌಲಾಸಾಬ ಕಾಕಾ ತೀರಿಕೊಂಡರು. ಅವಳು ‘ರೀ’ಗೆ ಮರಳಿದಳು. ಹಿಮ್ಮಡಿ ತಿಕ್ಕುವುದನ್ನು ಕಂಡಾಗಲೆಲ್ಲ ಆ ಕಲ್ಲು ನನ್ನನ್ನೇ ತಿಕ್ಕಿದಂತಾಗುತ್ತಿತ್ತು.

ಇವತ್ತು ಅಡಕೆಯಷ್ಟಾದ ಅದನ್ನು ಕಂಡು, ಇನ್ನು ಹೇಳದಿದ್ದರೆ ಹೇಳುವುದಕ್ಕೆ ನೆವವೇ ಉಳಿಯುವುದಿಲ್ಲ ಎನ್ನಿಸಿತು. ಹಿತ್ತಲ ಕಟ್ಟೆಯ ಮೇಲೆ ಅವಳು ಕಾಲು ತೊಳೆಯಲು ಕೂತಿದ್ದಳು. ಕಲ್ಲನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದೆ, ಕೇಳಿಸಿತ್ತು, ಬೇಕೆಂದೇ ನಿಂತಿದ್ದೆ ಎಂದು.

ಅವಳು ಅದೇ ಕಲ್ಲಿನಿಂದ ಹಿಮ್ಮಡಿ ತಿಕ್ಕುತ್ತಲೇ ಹೇಳಿದಳು: “ಎರಡನೇ ಸಲ ಕರದಾಗ ಖರೇನ ಅಂಜಿದ್ನಿ. ಆಮ್ಯಾಲ ಮೋಡ ಚೂರು ಸರದು, ಬಂಡಿಗಲ್ಲಿನ ಬುಡಕ ನಿಮ್ಮ ಬಿಳಿ ಬೂಟ ಕಂಡ್ವು.”

“ಮತ್ತ ಮೂರನೇ ಸಲ ಯಾಕ ಕರದಿ?”

“ಊರಿಗೆ ಹೋದ ಮ್ಯಾಲ ಮತ್ತ ಕರಿಯಾಕ ಆಗೂದಿಲ್ಲಂತ ಗೊತ್ತಿತ್ತಲ್ರಿ. ಅದಕ್ಕ ಒಮ್ಮೆ ಬಾಯಿ ತುಂಬ ಕರದ್ನಿ.”

ಇಷ್ಟು ವರ್ಷ ನಾನು ಕದ್ದೆನೆಂದು ತಿಳಿದಿದ್ದ ಆ ಕೂಗನ್ನು ಅವಳು ತಾನಾಗಿಯೇ ಕೊಟ್ಟಿದ್ದಳು. ಒಳಗೆ ಬಂದು ಪೇಪರು ಹಿಡಿದು ಕೂತೆ.

ಹಿತ್ತಲಿನಿಂದ ದನಿ ಬಂತು: “ರೀ, ಒಂದ್ ಚರಗಿ ನೀರ ತರ್ರಿ.”

ಓ ಎಂದೆ, ಕರೆದ ಕೂಡಲೇ.