ಗೆಂಡೆಹಳ್ಳಿ ಅತ್ತೆಯ ಸೋಬಾನೆ ಪುಟ

ನನಗೆ ಕಸ ಕಂಡರಾಗದು. ಅರಸೀಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ನಮ್ಮ ಕಡೆಯ ಹೆಂಗಸರ ಸೋಬಾನೆ ಪದಗಳಿಗೆಂದು ಒಂದು ವೆಬ್‌ಸೈಟ್ ಮಾಡಿದ್ದೆ. ಅದರ ಬಂಡವಾಳವೆಲ್ಲ ಗೆಂಡೆಹಳ್ಳಿಯ ನನ್ನ ಸೋದರತ್ತೆ. ಅರಿಶಿನ ಶಾಸ್ತ್ರದಲ್ಲಿ ಅತ್ತೆ ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ತಿರುಗಿ ಹೇಳುವರು. ಪದ ಶುರುವಾಗದೆ ಆ ಮನೆಯಲ್ಲಿ ಮದುಮಗಳಿಗೆ ಅರಿಶಿನ ಮುಟ್ಟಿಸುತ್ತಿರಲಿಲ್ಲ. ಎತ್ತಿಕೊಡುವುದನ್ನು ಬೇರೆ ಯಾರೂ ಕಲಿಯಲೂ ಇಲ್ಲ.

ಕಾಯಿಲೆ ಬಿದ್ದಾಗ ಅತ್ತೆ ನನ್ನನ್ನು ಕರೆಸಿಕೊಂಡು, ಮಂಚದ ಮೇಲೆ ಕೂತೇ ಮೊಬೈಲಿಗೆ ಏಳು ಪದ ಹಾಡಿದಳು. "ನಾನಿಲ್ದಾಗ ಬೇಕಾಯ್ತದೆ ಕಣೋ, ಜೋಪಾನ" ಅಂದಳು. ಆ ವರ್ಷವೇ ತೀರಿಕೊಂಡಳು.

ನಾನು ಜೋಪಾನ ಮಾಡಿದ ಚೆಂದ ಕೇಳಿ. ದನಿಯನ್ನು ಬೇರೆ ಫೈಲಾಗಿ ಇಡುವ ಬದಲು, ಸೋಮಾರಿತನಕ್ಕೆ, ಪುಟ ಕಟ್ಟುವ ಎಚ್‌ಟಿಎಂಎಲ್ ಬರಹದ ಒಳಗೇ ತುರುಕಿದೆ. ಕೆಳಗೆ ಪದದ ಸಾಲುಗಳನ್ನು ಟೈಪ್ ಮಾಡಿದೆ. ಹಳೆ ಮೊಬೈಲು ಕೊಟ್ಟು ಹೊಸದು ತಂದೆ.

ಆಮೇಲೆ ಯಾರೋ ಪುಣ್ಯಾತ್ಮರು ಅಭಿಪ್ರಾಯ ಬರೆಯುವ ಜಾಗದಲ್ಲಿ ಕಳ್ಳ ಸ್ಕ್ರಿಪ್ಟ್ ಅಂಟಿಸಿದರು. ಪುಟ ತೆರೆದವರೆಲ್ಲ ಜೂಜಿನ ಸೈಟಿಗೆ ಹೋಗಿ ಬೀಳತೊಡಗಿದರು. ನನಗೆ ಪಿತ್ತ ನೆತ್ತಿಗೇರಿತು. ಎಚ್‌ಟಿಎಂಎಲ್ ಸೋಸುವ ಒಂದು ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಂ, ತಂದು ಹಾಕಿದೆ. ಪುಟದಲ್ಲಿ ಯಾವ ಟ್ಯಾಗ್, ಅಂದರೆ ಯಾವ ಬಗೆಯ ಗುರುತು, ಇರಬಹುದೆಂದು ಅದಕ್ಕೊಂದು ಪಟ್ಟಿ ಕೊಡಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಕಿತ್ತು ಬಿಸಾಡುತ್ತದೆ. ಪ್ಯಾರಾ, ದಪ್ಪ ಅಕ್ಷರ, ಲಿಂಕು, ಚಿತ್ರ, ಇಷ್ಟು ಬರೆದೆ. ದನಿಯ ಟ್ಯಾಗ್ ನೆನಪಿಗೇ ಬರಲಿಲ್ಲ. ಹೊರಗಿನವರ ಬರಹವನ್ನು ತೋರಿಸುವ ಮುಂಚೆ ಸೋಸಿದ್ದರೆ ಸಾಕಿತ್ತು. ನಾನು ಹಳೆಯ ಪುಟಗಳನ್ನೂ ಸೋಸಿ, ಮೂಲ ಅಳಿಸಿ ಅದರ ಜಾಗಕ್ಕೇ ಉಳಿಸಿದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನು ನಾನು. ಆವತ್ತು ಮಾತ್ರ ಮನೆ ಗುಡಿಸಿ ಸಾರಿಸಿದಷ್ಟು ಖುಷಿಯಾಗಿತ್ತು.

ಮೂರು ತಿಂಗಳಿಗೆ ಅತ್ತೆಯ ಮೊಮ್ಮಗಳ ಮದುವೆ ಬಂತು. ಅರಿಶಿನದ ದಿನ ಮದುಮಗಳ ತಾಯಿ, ಅಂದರೆ ಅತ್ತೆಯ ಮಗಳು, ನನಗೆ ಅತ್ತಿಗೆ, ಒಂದು ಸ್ಪೀಕರ್ ತರಿಸಿ ಇಟ್ಟಿದ್ದಳು. "ಹಾಕಪ್ಪ, ಅವ್ವನ ದನಿ ಬರ್ಲಿ, ಆಮೇಲೆ ಹಚ್ತೀವಿ" ಅಂದಳು. ಹೆಂಗಸರು ತಿರುಗಿ ಹೇಳಲು ಸಿದ್ಧವಾಗಿ ಕೂತಿದ್ದರು. ಪುಟ ತೆರೆದೆ. ಸಾಲುಗಳೆಲ್ಲ ಇದ್ದವು, ಮೇಲೆ ದನಿ ಇದ್ದ ಜಾಗ ಖಾಲಿ. ಬ್ಯಾಕಪ್ ವಾರಕ್ಕೊಮ್ಮೆ ಹಳೆಯದನ್ನು ಅಳಿಸಿಯೇ ಹೊಸದಾಗುತ್ತಿತ್ತು, ಅಲ್ಲೂ ಇರುವುದಿಲ್ಲ ಎಂದು ನಿಂತಲ್ಲೇ ಗೊತ್ತಾಯಿತು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅಪಾಯದ್ದನ್ನೆಲ್ಲ ತೆಗೆಯೋಕೆ ಅಂತ ಒಂದು ಹಾಕಿದ್ದೆ ಅತ್ತಿಗೆ, ಅದ್ರಲ್ಲಿ ಅತ್ತೆ ದನಿನೂ ಹೋಗ್ಬಿಟ್ಟೈತೆ" ಅಂದೆ.

ಅತ್ತಿಗೆ ಅರಿಶಿನದ ಬಟ್ಟಲನ್ನು ಕೈಗೆತ್ತಿಕೊಂಡಳು.

"ನಮ್ಮವ್ವನ ದನಿ ಯಾರಿಗೆ ಏನ್ ಅಪಾಯ ಮಾಡ್ತಿತ್ತಪ್ಪ?" ಅಂದಳು.

ಅವಳು ಎದ್ದು ಹೋಗಿ, ಪದವಿಲ್ಲದೆಯೇ, ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು.